ಇಳಿಜಾರಿನ ಮೇಲಿನ ಹತ್ತು ನಿಮಿಷ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಹತ್ತು ಎಕರೆ ಹಾಗೂ ಅದಕ್ಕೂ ಹೆಚ್ಚು ವಿಸ್ತಾರವುಳ್ಳ 11,842 ಸರೋವರಗಳಿವೆ. ಸ್ವಂತ ದೋಣಿ ಹೊಂದಿರುವುದು ಅಲ್ಲಿ ಸಿರಿವಂತರಿಗೆ ಮಾತ್ರ ಮೀಸಲಾದ ಸಂಗತಿಯಲ್ಲ. ಮಧ್ಯಮ ವರ್ಗದ ಅನೇಕರು ರಜೆಯ ದಿನ ಕಾರಿನ ಹಿಂದೆ ಟ್ರೇಲರ್ ಸಿಕ್ಕಿಸಿ, ಅದರ ಮೇಲೆ ದೋಣಿಯನ್ನು ಹೇರಿಕೊಂಡು ಸರೋವರಕ್ಕೆ ಬರುತ್ತಾರೆ. ದೋಣಿಯನ್ನು ನೀರಿಗಿಳಿಸಲು ದಡದಲ್ಲಿ ಕಾಂಕ್ರೀಟಿನ ಸಾರ್ವಜನಿಕ ಇಳಿಜಾರುಗಳಿವೆ. ಕಾರನ್ನು ಹಿಮ್ಮುಖವಾಗಿ ನಡೆಸಿ ಟ್ರೇಲರ್ ನೀರಿನಲ್ಲಿ ಮುಳುಗುವಂತೆ ಮಾಡಿದರೆ ದೋಣಿ ತಾನೇ ತೇಲಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ಆ ಕಡೆಗೆ ಹೋಗಿಬರುವ ನಮ್ಮ ಹಿರಿಯರಲ್ಲಿ ಹಲವರು ಈ ನೋಟವನ್ನು ಕಂಡಿರಬಹುದು.

ಮೇ ತಿಂಗಳಲ್ಲಿ ಮೀನುಗಾರಿಕೆಯ ಋತು ಆರಂಭವಾಗುವ ಶನಿವಾರ ಈ ಇಳಿಜಾರುಗಳ ಮುಂದೆ ವಾಹನಗಳ ಸಾಲು ಬೆಳೆಯುತ್ತದೆ. ಅನೇಕ ಕಡೆ ಒಮ್ಮೆಗೆ ಒಂದೇ ವಾಹನಕ್ಕೆ ಅವಕಾಶ. ಇಲ್ಲೊಂದು ಸರಳ ಲೆಕ್ಕವಿದೆ. ಸಾಲಿನಲ್ಲಿ ಹನ್ನೆರಡು ವಾಹನಗಳಿದ್ದು, ಮೊದಲನೆಯವನು ಇಳಿಜಾರಿನ ಮೇಲೆ ನಿಂತು ಹತ್ತು ನಿಮಿಷ ವ್ಯರ್ಥಮಾಡಿದನೆನ್ನೋಣ. ಅವನ ದೃಷ್ಟಿಯಲ್ಲಿ ನಷ್ಟವಾದದ್ದು ಹತ್ತೇ ನಿಮಿಷ. ಆದರೆ ಹಿಂದಿರುವ ಹನ್ನೊಂದು ಮಂದಿಯೂ ತಲಾ ಹತ್ತು ನಿಮಿಷ ಕಳೆದುಕೊಳ್ಳುವುದರಿಂದ ಅವರೆಲ್ಲರ ಒಟ್ಟು ನಷ್ಟ 110 ನಿಮಿಷ. ಒಬ್ಬನ ನಡತೆಯ ವೆಚ್ಚವನ್ನು ಇತರರು ಭರಿಸಬೇಕಾಗಿ ಬರುವ ಇಂಥ ಸನ್ನಿವೇಶವನ್ನು ಅರ್ಥಶಾಸ್ತ್ರವು ಬಾಹ್ಯ ಪರಿಣಾಮವೆಂದು ಕರೆಯುತ್ತದೆ. ಜನಸಾಮಾನ್ಯರ ಭಾಷೆಯಲ್ಲಿ ಅದಕ್ಕೆ ದಾಕ್ಷಿಣ್ಯವಿಲ್ಲದಿರುವಿಕೆ ಎಂದು ಹೆಸರು.

ಆದ್ದರಿಂದಲೇ ಅಲ್ಲಿ ರೂಢಿಯಲ್ಲಿರುವ ಮೊದಲ ಶಿಷ್ಟಾಚಾರ, ಸಿದ್ಧತೆಯೆಲ್ಲ ಇಳಿಜಾರಿಗೆ ಬರುವ ಮುನ್ನವೇ ಮುಗಿದಿರಬೇಕೆಂಬುದು. ದೋಣಿಯನ್ನು ಬಿಗಿದ ಪಟ್ಟಿಗಳನ್ನು ಬಿಚ್ಚುವುದು, ಗಾಳ, ತಿಂಡಿಯ ಬುಟ್ಟಿ, ಜೀವರಕ್ಷಕ ಕವಚಗಳನ್ನು ದೋಣಿಗೆ ಸಾಗಿಸುವುದು, ಹಗ್ಗ ಕಟ್ಟುವುದು, ದೋಣಿಯ ಹಿಂಬದಿಯ ತಳದಲ್ಲಿರುವ ರಂಧ್ರಕ್ಕೆ ಬಿರಡೆ ಹಾಕುವುದು, ಇವೆಲ್ಲ ಪಕ್ಕದ ನಿಲುಗಡೆಯಲ್ಲೇ ಆಗಬೇಕು. ದೋಣಿ ತೇಲಿದೊಡನೆ ಕಾರನ್ನು ಮೇಲಕ್ಕೆ ಒಯ್ದು ಮುಂದಿನವರಿಗೆ ದಾರಿ ಬಿಡಬೇಕು. ನಸುಕಿನಲ್ಲಿ ಬಂದವರು ತಮ್ಮ ಸರದಿ ಕಾಯುವಾಗ ಮುಂದೀಪಗಳನ್ನು ಆರಿಸಬೇಕು. ಇಲ್ಲವಾದರೆ ಕನ್ನಡಿ ನೋಡುತ್ತ ಹಿಂದಕ್ಕೆ ಬರುತ್ತಿರುವವನ ಕಣ್ಣು ಕೋರೈಸುತ್ತದೆ.

ಟ್ರೇಲರನ್ನು ಹಿಂದಕ್ಕೆ ನಡೆಸುವುದು ಸುಲಭದ ಕೆಲಸವಲ್ಲ. ಕಾರಿನ ಹಿಂಭಾಗ ಒಂದು ಕಡೆಗೆ ಹೊರಳಿದರೆ ಟ್ರೇಲರ್ ಅದರ ವಿರುದ್ಧ ದಿಕ್ಕಿಗೆ ಹೊರಳುತ್ತದೆ. ಹೊಸಬರು ನಾಲ್ಕು ಬಾರಿ ತಪ್ಪಿ ಐದನೆಯ ಬಾರಿ ಸರಿಮಾಡಿಕೊಳ್ಳುತ್ತಾರೆ. ಆಗ ಹಾರನ್ ಬಾರಿಸುವವರೂ ಇದ್ದಾರೆ, ಕೆಳಗಿಳಿದು ಹೋಗಿ ಕೈಸನ್ನೆಯಿಂದ ದಾರಿ ತೋರುವವರೂ ಇದ್ದಾರೆ. ಎರಡನೆಯವರು ಹೊಸಬನಿಗೆ ನೆರವಾಗುವುದರ ಜತೆಗೆ ಸಾಲಿನಲ್ಲಿರುವ ಎಲ್ಲರ ಸಮಯವನ್ನೂ ಉಳಿಸುತ್ತಾರೆ. ಸೌಜನ್ಯಕ್ಕೂ ದಕ್ಷತೆಗೂ ವಿರೋಧವಿದೆ ಎಂಬ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ.

ಮರಳುವಾಗಲೂ ಎಚ್ಚರ ಬೇಕು. ಎಂಜಿನ್ನಿನ ರಭಸದಿಂದಲೇ ದೋಣಿಯನ್ನು ಟ್ರೇಲರಿನ ಮೇಲೇರಿಸುವ ಅಭ್ಯಾಸ ಹಲವರಿಗಿದೆ. ಅದರ ಸೆಳೆತಕ್ಕೆ ಕಾಂಕ್ರೀಟಿನ ಅಂಚಿನಾಚೆಯ ಮಣ್ಣು ಕೊಚ್ಚಿಹೋಗಿ ನೀರಿನಡಿಯಲ್ಲಿ ಹೊಂಡ ಬೀಳುತ್ತದೆ. ಮುಂದೊಂದು ದಿನ ಬೇರಾರದೋ ಟ್ರೇಲರಿನ ಚಕ್ರ ಆ ಹೊಂಡದಲ್ಲಿ ಸಿಕ್ಕಿಕೊಳ್ಳುತ್ತದೆ. ಈ ಇಳಿಜಾರುಗಳು ಬಿಟ್ಟಿಯಾಗಿ ಬಂದವಲ್ಲ. 1950ರ ಡಿಂಗೆಲ್-ಜಾನ್ಸನ್ ಕಾಯ್ದೆಯನ್ವಯ ಮೀನುಗಾರಿಕೆಯ ಸಲಕರಣೆಗಳ ಮೇಲಿನ ತೆರಿಗೆ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. 1984ರ ತಿದ್ದುಪಡಿಯ ನಂತರ ಮೋಟಾರು ದೋಣಿಗಳ ಇಂಧನದ ತೆರಿಗೆಯೂ ಅದರೊಡನೆ ಸೇರಿತು. ಆ ಹಣದ ಒಂದು ಪಾಲು ಇಂಥ ಸೌಲಭ್ಯಗಳಿಗೇ ಮೀಸಲು. ಅಂದರೆ ಬಳಸುವವರೇ ಕಟ್ಟಿಸಿದ್ದನ್ನು ಬಳಸುವವರೇ ಕೆಡಿಸುತ್ತಿದ್ದಾರೆ.

ಇಷ್ಟೆಲ್ಲ ಆದರೂ ಸಾಲಿನಲ್ಲಿರುವವರು ಕಣ್ಣಿಗೆ ಕಾಣುತ್ತಾರೆ. ಅವರ ಮುನಿಸಿಗೆ ಅಂಜಿಯಾದರೂ ಮನುಷ್ಯ ಸರಿಯಾಗಿ ನಡೆದುಕೊಳ್ಳುತ್ತಾನೆ. ನಿಜವಾದ ಪರೀಕ್ಷೆ ನಡೆಯುವುದು ಸಾಲು ಕರಗಿದ ಮೇಲೆ. ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್ ಸಮುದ್ರದ ಸೀಮೆಯ ಝೀಬ್ರಾ ಮಸಲ್ ಎಂಬ ಪುಟ್ಟ ಚಿಪ್ಪುಜೀವಿ ಹಡಗುಗಳ ತಳದ ನೀರಿನೊಡನೆ ಉತ್ತರ ಅಮೆರಿಕಕ್ಕೆ ಬಂತು. 1988ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಮೊದಲು ಪತ್ತೆಯಾದ ಅದು ಮರುವರ್ಷವೇ ಮಿನ್ನೆಸೋಟದ ಡುಲೂತ್ ಬಂದರಿನಲ್ಲೂ ಕಾಣಿಸಿಕೊಂಡಿತು. ಅದು ನೀರಿನ ಕೊಳವೆಗಳನ್ನು ಕಟ್ಟಿಹಾಕುತ್ತದೆ, ಮೀನಿನ ಮರಿಗಳಿಗೆ ದಕ್ಕಬೇಕಾದ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ, ಈಜುವವರ ಕಾಲನ್ನು ಕುಯ್ಯುತ್ತದೆ. ಒಮ್ಮೆ ನೆಲೆಯೂರಿದ ಸರೋವರದಿಂದ ಅದನ್ನು ತೊಲಗಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಅದರ ಮರಿಗಳು ಬರಿಗಣ್ಣಿಗೆ ಕಾಣುವುದಿಲ್ಲ. ದೋಣಿಯ ತಳದಲ್ಲಿ ಉಳಿದ ಒಂದಿಷ್ಟು ನೀರು, ಟ್ರೇಲರಿಗೆ ಸುತ್ತಿಕೊಂಡ ಒಂದೆಳೆ ಜೊಂಡು ಅವನ್ನು ಮತ್ತೊಂದು ಸರೋವರಕ್ಕೆ ಮುಟ್ಟಿಸಬಲ್ಲವು.

ಮಿನ್ನೆಸೋಟದ ಕಾನೂನಿನ ಪ್ರಕಾರ ಸರೋವರವನ್ನು ಬಿಡುವ ಮೊದಲು ಜೊಂಡನ್ನು ಕಿತ್ತು, ನೀರನ್ನು ಬಸಿದು, ಬಿರಡೆಯನ್ನು ತೆಗೆದಿಟ್ಟುಕೊಂಡೇ ರಸ್ತೆಗಿಳಿಯಬೇಕು. ತಪಾಸಣೆ ನಡೆಸುವವರೂ ಇದ್ದಾರೆ. ಆದರೆ ಸಾವಿರಾರು ಸರೋವರಗಳ ದಂಡೆಯಲ್ಲಿ ಮುಂಜಾನೆಯಿಂದ ಇರುಳಿನವರೆಗೆ ಕಾವಲು ನಿಲ್ಲಿಸಬಲ್ಲ ಸರ್ಕಾರ ಜಗತ್ತಿನಲ್ಲೆಲ್ಲೂ ಇಲ್ಲ. ನಿಯಮಗಳನ್ನು ರೂಪಿಸುವ ಕೆಲಸದಲ್ಲೇ ವೃತ್ತಿಜೀವನ ಕಳೆದ ನನ್ನಂಥವರಿಗೆ ಈ ಮಿತಿ ಚೆನ್ನಾಗಿ ಗೊತ್ತು. ಎಲ್ಲರಿಗೂ ಸೇರಿದ ಸಂಪತ್ತು ಹಾಳಾಗುವುದು ಅನಿವಾರ್ಯವೆಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ವಾದಿಸಿದ್ದರು. ಬಳಸುವವರೇ ಕಟ್ಟುಪಾಡು ಮಾಡಿಕೊಂಡು ಪರಸ್ಪರ ಗಮನವಿಟ್ಟಲ್ಲಿ ಅದು ಉಳಿಯಬಲ್ಲದೆಂದು ತೋರಿಸಿಕೊಟ್ಟ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಂದಿತು. ದೋಣಿಯ ಇಳಿಜಾರು ಈ ಎರಡು ವಾದಗಳೂ ದಿನನಿತ್ಯ ಪರೀಕ್ಷೆಗೊಳಗಾಗುವ ಸ್ಥಳ.

ಮುಸ್ಸಂಜೆಯಲ್ಲಿ ದಣಿದು ದಡಕ್ಕೆ ಬಂದವನು ದೋಣಿಯನ್ನು ಪಕ್ಕಕ್ಕೆ ನಿಲ್ಲಿಸಿ ಬಿರಡೆ ತೆಗೆಯುತ್ತಾನೋ ಇಲ್ಲವೋ ಎಂಬುದನ್ನು ನೋಡುವವರು ಆಗ ಅಲ್ಲಿ ಯಾರೂ ಇರುವುದಿಲ್ಲ. ಅವನು ಎರಡು ನಿಮಿಷ ನಿಂತು ಆ ಕೆಲಸ ಮಾಡಿದರೆ, ಅದರ ಉಪಕಾರ ಸಲ್ಲುವುದು ಅವನು ಎಂದೂ ಕಾಣದ ಯಾವುದೋ ಸರೋವರದ ಜನರಿಗೆ.