ಒಂದು ಕಿವಿ ಕೆರೆಗೆ, ಒಂದು ಕಿವಿ ಗಿಟಾರಿಗೆ

ಹೈದರಾಬಾದಿನ ಕುಷಾಯಿಗೂಡದ ಪಕ್ಕದ ಕಾಪ್ರಾ ಚೆರುವು, ಅಂದರೆ ಕೆರೆ. ಜುಲೈ, ಮಳೆ ಬಿಟ್ಟ ಸಂಜೆ, 6.40. ಕಾರ್ಖಾನೆ ಶೆಡ್ಡುಗಳ ಕಡೆಯಿಂದ ಗ್ರೈಂಡರ್ ಕಬ್ಬಿಣ ಉಜ್ಜುವ ಸದ್ದು. ಟಿಟ್ಟಿಭವೊಂದು ಕೂಗುತ್ತಾ ದಂಡೆ ದಾಟಿತು. ಎಡಗಿವಿಯನ್ನು ಕೆರೆಗೆ ಬಿಟ್ಟು ಬಲಗಿವಿಗೆ ಇಯರ್‌ಫೋನ್ ಸಿಕ್ಕಿಸಿದ್ದೇನೆ. ಅದರಲ್ಲಿ ನಾರ್ವೆಯ ಡಾರ್ಕ್‌ಥ್ರೋನ್ ತಂಡದ 'ಟ್ರಾನ್ಸಿಲ್ವೇನಿಯನ್ ಹಂಗರ್' (1994) ಆಲ್ಬಮ್. ಬೇಕೆಂದೇ ಒರಟಾಗಿ ಧ್ವನಿಮುದ್ರಿಸುವ 'ಹಸಿ' ಬ್ಲ್ಯಾಕ್ ಮೆಟಲ್ ಎಂದೊಡನೆ ಕೇಳಿಬರುವ ಹೆಸರುಗಳಲ್ಲಿ ಇದೊಂದು.

6.55. ಹುಲ್ಲಿನಲ್ಲಿ ಜೀರುಂಡೆಗಳು ಶುರು. ಗಂಡು ಹುಳು ಒಂದು ರೆಕ್ಕೆಯ ಸಣ್ಣ ಹಲ್ಲುಗಳ ಮೇಲೆ ಇನ್ನೊಂದರ ಅಂಚನ್ನು ಎಳೆದು ಹಾಡುತ್ತದೆ. ನೆಲವಾಸಿ ಜಾತಿಗಳ ಸ್ವರ ಹೆಚ್ಚಾಗಿ 4ರಿಂದ 5 ಕಿಲೋಹರ್ಟ್ಸ್ ಆಸುಪಾಸು. ಬಲಗಿವಿಯಲ್ಲೂ ಉಜ್ಜಾಟವೇ: ತಂತಿಯನ್ನು ಬಿಡುವಿಲ್ಲದೆ ಮೀಟುವ ಟ್ರೆಮೊಲೊ, ಜೊತೆಗೆ ಹೆಚ್ಚುಕಡಿಮೆ ಬದಲಾಗದ ಡ್ರಮ್ ಏಟು. ಮೊದಮೊದಲು ಎರಡೂ ಬರೀ ಗದ್ದಲ. ಕೂತು ಕೇಳಿದರೆ ಹುಲ್ಲಿನ ಕಡೆ ಒಂದು ಹುಳು ಕೊಂಚ ತಡವಾಗಿ ದನಿಗೂಡಿಸುವುದು ತಿಳಿಯುತ್ತದೆ. ಹಾಡಿನಲ್ಲೂ ಹಾಗೆ. ಏಟು ಅಲುಗದ ಕಾರಣಕ್ಕೇ ಗಿಟಾರು ಒಂದೇ ಸ್ವರ ಸರಿದರೂ ಮೈ ಜುಮ್ಮೆನ್ನುತ್ತದೆ. ಈ ಆಲ್ಬಮ್ಮಿನ ದೊಡ್ಡ ಬಲ ಇದೇ.

7.10. ನೀರಂಚಿನಲ್ಲಿ ಕಪ್ಪೆಗಳ ವಟವಟ. ಜೀರುಂಡೆಗಿಂತ ಬಹಳ ತಗ್ಗಿನ ಸ್ವರ. ಆದ್ದರಿಂದ ಒಂದನ್ನೊಂದು ಮುಚ್ಚುವುದಿಲ್ಲ. ಕಾಡಿನ ಜೀವಿಗಳು ಸ್ವರದ ಎತ್ತರವನ್ನೂ ಹೊತ್ತನ್ನೂ ಹೀಗೆ ಹಂಚಿಕೊಂಡಿರುತ್ತವೆ ಎಂಬುದು ಅಮೆರಿಕದ ಧ್ವನಿಮುದ್ರಕ ಬರ್ನಿ ಕ್ರೌಸ್ ಮುಂದಿಟ್ಟ ಊಹೆ. ಆಲ್ಬಮ್ಮಿನಲ್ಲಿ ಅಂಥ ಹಂಚಿಕೆಯಿಲ್ಲ. ಗಿಟಾರು, ಸಿಂಬಲ್, ಗಾಯಕ ನಾಕ್ಟರ್ನೊ ಕುಲ್ಟೊನ ಕರ್ಕಶ ಕಂಠ ಎಲ್ಲವೂ ಮೇಲಿನ ಒಂದೇ ಪಟ್ಟಿಯಲ್ಲಿ ನೂಕಾಡುತ್ತವೆ. ಬಾಸ್ ಇದ್ದೂ ಇಲ್ಲ. ವಾದ್ಯಗಳನ್ನೆಲ್ಲ ತಂಡದ ಫೆನ್ರಿಜ್ ಒಬ್ಬನೇ ನುಡಿಸಿ ಮನೆಯ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲಿ ಧ್ವನಿಮುದ್ರಿಸಿದ. ಕ್ಯಾಸೆಟ್ ಟೇಪಿನ ಅಗಲ 4 ಮಿಲಿಮೀಟರಿಗೂ ಕಡಿಮೆ. ಅದನ್ನೇ ನಾಲ್ಕು ಟ್ರ್ಯಾಕಿಗೆ ಹಂಚಬೇಕು. ಟ್ರ್ಯಾಕ್ ಕಿರಿದಾದಷ್ಟೂ ಟೇಪಿನ ಸುಯ್ಯೆನ್ನುವ ಸದ್ದು ಹೆಚ್ಚು. ಬಾಸ್ ತುಂಬಿದ ಮೆಟಲ್ ಇದಕ್ಕೆ ತದ್ವಿರುದ್ಧ: ಬೆಂಗಳೂರಿನ 'ದ್ವೇಷ' ತಂಡ ಕನ್ನಡದಲ್ಲೇ ಗುಡುಗಿದ 'ಸ್ತೂಪ' (2014) ಡೆತ್ ಮೆಟಲ್. ಕಪ್ಪೆಗಳ ಆ ತಗ್ಗಿನ ಜಾಗವೇ ಆ ಪ್ರಕಾರದ ಬುನಾದಿ. 'ಸ್ತೂಪ' ಕೇಳಿ ಡಾರ್ಕ್‌ಥ್ರೋನ್‌ಗೆ ಬಂದವರಿಗೆ ಕಾಲಡಿಯ ನೆಲ ತಪ್ಪಿದಂತಾಗುತ್ತದೆ.

7.30. ಕತ್ತಲಾಗುತ್ತಲೇ ಪುಟ್ಟ ಬಾವಲಿಗಳು ನೀರಿನ ಮೇಲೆ ಹುಳು ಹಿಡಿಯುತ್ತಿವೆ. ಬೇಟೆಗೆ ಅವು ಹೊರಡಿಸುವ ಕೂಗು ಬಹುಪಾಲು 20 ಕಿಲೋಹರ್ಟ್ಸ್ ಮೇಲೆ. ನಮ್ಮ ಕಿವಿಗೂ ನಿಲುಕದು, ಕ್ಯಾಸೆಟ್ಟಿಗೂ. ಆಲ್ಬಮ್ಮಿನ ಏಳನೆಯ ಹಾಡಿನ ಹೆಸರಿನಲ್ಲೂ ಬಾವಲಿಗಳಿವೆ. ಅದೂ ಸೇರಿ ಕೊನೆಯ ನಾಲ್ಕು ಹಾಡುಗಳ ಸಾಹಿತ್ಯ ನಾರ್ವೆಯ ಇನ್ನೊಬ್ಬ ಬ್ಲ್ಯಾಕ್ ಮೆಟಲ್ ಸಂಗೀತಗಾರ ವರ್ಗ್ ವಿಕರ್ನೆಸ್‌ನದು. ಆಲ್ಬಮ್ ಹೊರಬಂದ ವರ್ಷವೇ ಅವನಿಗೆ ಕೊಲೆಗೂ ಚರ್ಚ್‌ಗಳಿಗೆ ಬೆಂಕಿಯಿಟ್ಟದ್ದಕ್ಕೂ 21 ವರ್ಷದ ಸಜೆಯಾಯಿತು. ಆಲ್ಬಮ್ಮಿನ ಮೊದಲ ಮುದ್ರಣದ ಹಿಂಬದಿಯ ಹೊದಿಕೆಯ ಮೇಲೆ 'ನಾರ್ವೆಯ ಆರ್ಯ ಬ್ಲ್ಯಾಕ್ ಮೆಟಲ್' ಎಂಬ ಅರ್ಥದ ಸಾಲು ಅಚ್ಚಾಗಿತ್ತು, ಆಮೇಲೆ ತೆಗೆದರು. ಬಾಸ್ ಇಲ್ಲದ್ದಕ್ಕೆ ಕಿವಿ ಒಗ್ಗಿಕೊಳ್ಳಬಲ್ಲದು. ಈ ಸಾಲಿಗೆ ಒಗ್ಗಿಕೊಳ್ಳಬೇಕಾದ ಅಗತ್ಯ ಯಾರಿಗೂ ಇಲ್ಲ.

ಟಿಪ್ಪಣಿ ಪುಸ್ತಕ ಮುಚ್ಚುವ ಮುನ್ನ ಬರೆದದ್ದು: ಹೊಸಬರು ಶೀರ್ಷಿಕೆಯ ಹಾಡಿನಿಂದಲೇ ಹೊರಡಲಿ, ಒಂದೇ ಸಲಕ್ಕೆ ಎಂಟೂ ಹಾಡು ಬೇಡ. ಒರಟು ಧ್ವನಿಮುದ್ರಣ ಇಲ್ಲಿ ಗುಣವಾದದ್ದು ಅದರ ಒಳಗೆ ನೆನಪಿನಲ್ಲಿ ಉಳಿಯುವ ಧಾಟಿಗಳು ಇರುವುದರಿಂದ. ಇದೇ ಜಾಡು ಹಿಡಿದ ಎಷ್ಟೋ ತಂಡಗಳು ಟೇಪಿನ ಸುಯ್ಯೆನ್ನುವ ಸದ್ದನ್ನು ಮಾತ್ರ ಕಲಿತವು.