ಲೇಖಕರು ಹಡೆದ ಹೆಸರುಗಳು

ವೆಂಡಿ, ವನೆಸ್ಸಾ, ಸೆಡ್ರಿಕ್, ಇಮೋಜೆನ್. ಜಾನ್, ಮೇರಿಗಳ ಸಾಲಿನಲ್ಲಿ ನಿಲ್ಲಿಸಿದರೆ ಇವೂ ಅಷ್ಟೇ ಹಳೆಯ ಇಂಗ್ಲಿಷ್ ಹೆಸರುಗಳೆನಿಸುತ್ತವೆ. ಆದರೆ ಈ ನಾಲ್ಕೂ ಬೈಬಲಿನಿಂದ ಬಂದವಲ್ಲ, ಸಂತರಿಂದಲೂ ಅಲ್ಲ. ಲೇಖಕರ ಹಾಳೆಯಿಂದ ತೊಟ್ಟಿಲಿಗೆ ಇಳಿದವು. ಪುಸ್ತಕವನ್ನೇ ಮುಟ್ಟದ ಮನೆಯಲ್ಲೂ ಲೇಖಕನ ಸೃಷ್ಟಿಯೊಂದನ್ನು ದಿನವಿಡೀ ಕೂಗಿ ಕರೆಯುತ್ತಾರಲ್ಲ, ಸಾಹಿತ್ಯಕ್ಕೆ ಇದಕ್ಕಿಂತ ದೊಡ್ಡ ಬಾಳಿಕೆ ನನಗೆ ಕಾಣುವುದಿಲ್ಲ.

ವೆಂಡಿಯ ಮೂಲದಲ್ಲಿರುವುದು ಒಂದು ಮಗುವಿನ ತೊದಲು. ಕವಿ ಡಬ್ಲ್ಯು.ಇ. ಹೆನ್ಲಿ ಕ್ಷಯರೋಗದಿಂದ ಒಂದು ಕಾಲು ಕಳೆದುಕೊಂಡವನು. ಸ್ಟೀವನ್‌ಸನ್ 'ಟ್ರೆಷರ್ ಐಲ್ಯಾಂಡ್'ನ ಒಂಟಿಕಾಲಿನ ಲಾಂಗ್ ಜಾನ್ ಸಿಲ್ವರ್‌ನನ್ನು ಚಿತ್ರಿಸಿದ್ದು ಈ ಗೆಳೆಯನನ್ನು ನೋಡಿಯೇ. ಹೆನ್ಲಿಯ ಪುಟ್ಟ ಮಗಳು ಮಾರ್ಗರೆಟ್‌ಗೆ ನಾಟಕಕಾರ ಜೆ.ಎಂ. ಬ್ಯಾರಿ ಎಂದರೆ ಅಚ್ಚುಮೆಚ್ಚು. ಅವನನ್ನು 'ಫ್ರೆಂಡಿ' ಎಂದು ಕರೆಯಹೊರಟರೆ ನಾಲಿಗೆಗೆ ರಕಾರ ಹೊರಳದೆ 'ಫ್ವೆಂಡಿ' ಆಗುತ್ತಿತ್ತು. 1894ರಲ್ಲಿ, ಇನ್ನೂ ಐದರ ಪ್ರಾಯದಲ್ಲೇ, ಆ ಮಗು ತೀರಿಹೋಯಿತು. 1904ರ ಡಿಸೆಂಬರ್ 27ರಂದು ಲಂಡನ್ನಿನ ಡ್ಯೂಕ್ ಆಫ್ ಯಾರ್ಕ್ಸ್ ರಂಗಮಂದಿರದಲ್ಲಿ ಬ್ಯಾರಿಯ 'ಪೀಟರ್ ಪ್ಯಾನ್' ನಾಟಕ ಮೊದಲ ಬಾರಿ ಪ್ರದರ್ಶನಗೊಂಡಾಗ ಅದರ ಹುಡುಗಿಯ ಹೆಸರು ವೆಂಡಿ. ಅದಕ್ಕೂ ಮುನ್ನ ಆ ಹೆಸರು ಎಲ್ಲೋ ಅಪರೂಪಕ್ಕೆ ಇತ್ತು, ಅಷ್ಟೆ. ಇಪ್ಪತ್ತನೇ ಶತಮಾನದ ನಡುವಿನ ಹೊತ್ತಿಗೆ ಇಂಗ್ಲೆಂಡಿನ ಶಾಲೆಗಳ ತುಂಬ ವೆಂಡಿಗಳು! ಬೆಳೆಯಲಾಗದೆ ಹೋದ ಮಗುವಿನ ತೊದಲು ಇಷ್ಟೊಂದು ಹೆಣ್ಣುಮಕ್ಕಳ ಜೊತೆ ಬೆಳೆಯಿತೆಂಬುದು ನನ್ನನ್ನು ಕಾಡುತ್ತಲೇ ಇರುತ್ತದೆ.

ವನೆಸ್ಸಾ ಅದಕ್ಕಿಂತ ಹಳಬಳು. 'ಗಲಿವರನ ಪ್ರವಾಸ'ದ ಜೊನಾಥನ್ ಸ್ವಿಫ್ಟ್ ತನ್ನನ್ನು ಪ್ರೀತಿಸಿದ ಎಸ್ತರ್ ವಾನೊಮ್ರಿಗೆ ಕೊಟ್ಟ ಗುಟ್ಟಿನ ಹೆಸರದು. ಡಚ್ ಮೂಲದ ಮನೆತನದ ಹೆಸರಿನಿಂದ 'ವಾನ್' ತೆಗೆದುಕೊಂಡ, ಎಸ್ತರ್‌ನ ಮುದ್ದಿನ ರೂಪವನ್ನು ಅದಕ್ಕೆ ಕೂಡಿಸಿದ. ಅವಳು 1723ರಲ್ಲಿ ತೀರಿಕೊಂಡಳು. ಅವಳನ್ನು ಕುರಿತ ಕವಿತೆ ಅಚ್ಚಾದದ್ದು 1726ರಲ್ಲಿ. ಇಬ್ಬರ ನಡುವೆ ಮಾತ್ರ ಇದ್ದ ಹೆಸರು ಹೀಗೆ ಎಲ್ಲರದಾಯಿತು. 1807ರಲ್ಲಿ ಕೀಟವಿಜ್ಞಾನಿ ಫ್ಯಾಬ್ರಿಷಿಯಸ್ ಒಂದು ಜಾತಿಯ ಚಿಟ್ಟೆಗಳಿಗೂ ಇದನ್ನೇ ಇಟ್ಟ.

ಸೆಡ್ರಿಕ್‌ನದು ಅಕ್ಷರಪಲ್ಲಟದ ಕಥೆ. ವೆಸೆಕ್ಸ್ ರಾಜವಂಶದ ಮೂಲಪುರುಷ ಸೆರ್ಡಿಕ್. ವಾಲ್ಟರ್ ಸ್ಕಾಟ್‌ನ 1819ರ 'ಐವನ್‌ಹೋ' ಕಾದಂಬರಿಯಲ್ಲಿ ಅಕ್ಷರಗಳು ಸ್ಥಾನ ಬದಲಿಸಿ ಸೆಡ್ರಿಕ್ ಆದವು. 1886ರಲ್ಲಿ ಫ್ರಾನ್ಸಿಸ್ ಹಾಡ್ಸನ್ ಬರ್ನೆಟ್ ತನ್ನ 'ಲಿಟಲ್ ಲಾರ್ಡ್ ಫಾಂಟ್ಲರಾಯ್'ನ ಹುಡುಗನಿಗೆ ಅದನ್ನಿಟ್ಟ ಮೇಲೆ ಮನೆಮನೆಗೆ ಹಬ್ಬಿತು.

ಇಮೋಜೆನ್‌ಗೆ ಜನ್ಮ ಕೊಟ್ಟದ್ದು ಬಹುಶಃ ಮುದ್ರಣಾಲಯ. 1611ರಲ್ಲಿ ಶೇಕ್ಸ್‌ಪಿಯರ್‌ನ 'ಸಿಂಬಲೀನ್' ನೋಡಿದ ಸೈಮನ್ ಫೋರ್ಮನ್ ತನ್ನ ಟಿಪ್ಪಣಿಯಲ್ಲಿ ನಾಯಕಿಯನ್ನು 'ಇನ್ನೋಜೆನ್' ಎಂದೇ ಬರೆದಿದ್ದಾನೆ. ಶೇಕ್ಸ್‌ಪಿಯರ್ ನಾಟಕಗಳ 1623ರ ಸಂಪುಟದಲ್ಲಿ ಮಾತ್ರ ಅವಳು ಇಮೋಜೆನ್. ಇಂಗ್ಲಿಷಿನ ಜೋಡಿ 'ಎನ್' ಅಚ್ಚಿನಲ್ಲಿ 'ಎಂ' ಆಗಿರಬೇಕೆಂದು ಅನೇಕ ವಿದ್ವಾಂಸರು ನಂಬುತ್ತಾರೆ. 1986ರ ಆಕ್ಸ್‌ಫರ್ಡ್ ಆವೃತ್ತಿ ನಾಟಕದಲ್ಲಿ ಮತ್ತೆ ಇನ್ನೋಜೆನ್ ಎಂದೇ ತಿದ್ದಿತು. ಅಷ್ಟರಲ್ಲಿ ಸಂಗೀತ ಸಂಯೋಜಕಿ ಇಮೋಜೆನ್ ಹೋಲ್ಸ್ಟ್ ಆ ಹೆಸರನ್ನು ಹೊತ್ತು ತುಂಬುಬಾಳು ಬಾಳಿ ಹೋಗಿದ್ದಳು. ಇಂದಿಗೂ ಇಂಗ್ಲೆಂಡಿನ ತಂದೆತಾಯಂದಿರು ಮಗಳಿಗೆ ಇಡುವುದು ಇಮೋಜೆನ್ ಎಂದೇ.