ನಕ್ಕ ಅಂದ್ರೆ ನರಿ ಸ್ವಾಮಿ!

ಹೀಗೊಂದು ಹಬ್ಬ ಅಂತ ಇಟ್ಟುಕೊಳ್ಳಿ. ಚಿಂತಾಮಣಿ ಕಡೆಯ ಒಂದು ಸರಕಾರಿ ಶಾಲೆ. ಬಾಗಿಲಿಗೆ ಮಾವಿನ ತೋರಣ, ಅಂಗಳದಲ್ಲಿ ಶಾಮಿಯಾನ, ಮೈಕಿನವನ "ಹಲೋ ಹಲೋ". ಬೆಂಗಳೂರಿನಿಂದ ಮಕ್ಕಳ ಸಾಹಿತಿ ಬಂದಿದ್ದಾರೆ. ಪುಸ್ತಕ ತೆಗೆದು, ದನಿ ಏರಿಸಿ, "ರಾಜ ನಕ್ಕ" ಅಂತ ಓದುತ್ತಾರೆ. ಅರ್ಧ ಮಕ್ಕಳು ನಗುತ್ತವೆ. ಇನ್ನರ್ಧ ಮಕ್ಕಳು ಒಂದರ ಮುಖ ಒಂದು ನೋಡುತ್ತವೆ. ರಾಜನ ಆಸ್ಥಾನಕ್ಕೆ ನರಿ ಎಲ್ಲಿಂದ ಬಂತು?

ತಪ್ಪು ಮಕ್ಕಳದಲ್ಲ. ತೆಲುಗಿನಲ್ಲಿ ನಕ್ಕ ಅಂದರೆ ನರಿ!

ಕೇಳಿದರೆ ತಮಾಷೆ. ಆದರೆ ಇದು ತಮಾಷೆಗೆ ಮುಗಿಯುವ ಮಾತಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕೂ ತಾಲ್ಲೂಕುಗಳಲ್ಲಿ ಒಲೆಯ ಮುಂದೆ ತೆಲುಗು ಮಾತಾಡಿ, ಕರಿಹಲಗೆಯ ಮುಂದೆ ಕನ್ನಡ ಓದುವ ಮಕ್ಕಳಿಗೆ ಲೆಕ್ಕವಿಲ್ಲ. ಪೇಟೆಯ ಕೆಲವು ಬೀದಿಗಳಲ್ಲಿ ಮನೆಮಾತು ಉರ್ದು. ಇಂಥ ಮಗು ಒಂದನೇ ಕ್ಲಾಸಿಗೆ ಬಂದಾಗ ಅಕ್ಷರವೂ ಹೊಸದು, ಭಾಷೆಯೂ ಹೊಸದು. ವರ್ಷ ಕಳೆದ ಮೇಲೆ ಅಕ್ಷರ ಕೂಡಿಸಿ ಸರಸರನೆ ಓದುತ್ತದೆ. "ಏನು ಓದಿದ್ಯೋ?" ಅಂದರೆ ಮೇಷ್ಟ್ರ ಮುಖ ನೋಡುತ್ತದೆ.

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75 ದಾಟಿತ್ತು. ಚಿಕ್ಕಬಳ್ಳಾಪುರ ಜಿಲ್ಲೆ ಶೇಕಡಾ 70ನ್ನೂ ಮುಟ್ಟಿರಲಿಲ್ಲ. ಹಿಂದೆ ಬಿದ್ದಿದ್ದಕ್ಕೆ ಭಾಷೆಯೊಂದೇ ಕಾರಣ ಅನ್ನುವಂತಿಲ್ಲ. ಬಡತನ ಇದೆ, ಬರ ಇದೆ, ಹೆಣ್ಣುಮಕ್ಕಳನ್ನು ಬೇಗ ಶಾಲೆ ಬಿಡಿಸಿದ್ದೂ ಇದೆ. ಆದರೆ ಭಾಷೆಯ ಮಾತನ್ನು ಯಾವ ಹಬ್ಬದ ವೇದಿಕೆಯಲ್ಲೂ ಯಾರೂ ಎತ್ತದಿದ್ದರೆ ಹೇಗೆ?

ಹಬ್ಬ ಬಂತು, ಶಾಲು ಬಂತು

ಅಕ್ಷರದ ಹೆಸರಲ್ಲಿ ಹಬ್ಬ ಮಾಡುವುದು ಹೊಸದೇನಲ್ಲ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಹುಟ್ಟಿತು. 1990ರಲ್ಲಿ ಜ್ಞಾನ ವಿಜ್ಞಾನ ಜಾಥಾದ ಕಲಾವಿದರು ಹಾಡು, ಬೀದಿ ನಾಟಕ ಕಟ್ಟಿಕೊಂಡು ದೇಶವನ್ನೇ ಸುತ್ತಿದರು. ಆಗ ಕಣ್ಣು ದೊಡ್ಡವರ ಮೇಲಿತ್ತು. ಈಚೆಗೆ ಮಕ್ಕಳ ಸರದಿ. 2023ರಲ್ಲಿ ಸರಕಾರಿ ಶಾಲೆಗಳಲ್ಲಿ ಕ್ಲಸ್ಟರ್ ಮಟ್ಟದ ಕಲಿಕಾ ಹಬ್ಬಗಳು ನಡೆದವು. 2024-25ರ ಹಬ್ಬದಲ್ಲಿ ಪುಟ್ಟ ಮಕ್ಕಳಿಗೆ ಗಟ್ಟಿ ಓದು, ಕಥೆ ಹೇಳುವುದು, ಕೈಬರಹ, ಲೆಕ್ಕದ ಆಟಗಳನ್ನು ಇಟ್ಟರು. ಅಪ್ಪ ಅಮ್ಮನೂ ಮಕ್ಕಳ ಜೊತೆ ಕೂತು ಮಾಡುವ ಚಟುವಟಿಕೆಯೂ ಸೇರಿತು.

ಎಲ್ಲಾ ಒಳ್ಳೆಯದೇ. ಇಂಥ ಕಡೆಗೆ ಪುಸ್ತಕ ಬರೆಯುವವರನ್ನು ಕರೆಸುವುದು ಇನ್ನೂ ಒಳ್ಳೆಯದು. ಪಾಠದ ಪುಸ್ತಕ ಆಕಾಶದಿಂದ ಬಿದ್ದದ್ದಲ್ಲ, ನಮ್ಮ ನಿಮ್ಮ ಹಾಗೆ ಕಾಫಿ ಕುಡಿಯುವ, ಬಸ್ಸು ಹಿಡಿಯುವ ಮನುಷ್ಯನೇ ಬರೆದದ್ದು ಅಂತ ಮಗುವಿಗೆ ಗೊತ್ತಾಗುತ್ತದೆ.

ಆದರೆ ಕರೆಸಿ ಮಾಡುವುದೇನು? ಸ್ವಾಗತ, ಪ್ರಾರ್ಥನೆ, ಪ್ರಾಸ್ತಾವಿಕ. ಹಾರ, ಶಾಲು, ಹಣ್ಣಿನ ಬುಟ್ಟಿ. ವೇದಿಕೆ ಮೇಲಿದ್ದವರೆಲ್ಲ "ಸಮಯದ ಅಭಾವದಿಂದ ಎರಡೇ ಮಾತು" ಅಂತ ಅರ್ಧರ್ಧ ಗಂಟೆ. ಸಾಹಿತಿಯ ಸರದಿ ಬರುವ ಹೊತ್ತಿಗೆ ಬಿಸಿಯೂಟದ ಸಾರಿನ ವಾಸನೆ ಮೂಗಿಗೆ ಬಡಿದಿರುತ್ತದೆ. ಯಾವ ಮಗು ಕಥೆ ಕೇಳೀತು? ಗಡಿಬಿಡಿಯಲ್ಲಿ ಒಂದು ಕಥೆ, ಒಂದು ಫೋಟೊ, ವಂದನಾರ್ಪಣೆ. ಮುಗೀತು ಹಬ್ಬ.

ಪುಲಿಯೇ ಹುಲಿ

ಬಂದ ಸಾಹಿತಿ ಮನಸ್ಸು ಮಾಡಿದರೆ ಕನ್ನಡವನ್ನೇ ಇಟ್ಟುಕೊಂಡು ಈ ಮಕ್ಕಳ ಹತ್ತಿರ ಹೋಗಬಹುದು. ತೆಲುಗು ಮಗು ಹುಲಿಗೆ ಪುಲಿ ಅನ್ನುತ್ತದೆ, ಹಾಲಿಗೆ ಪಾಲು ಅನ್ನುತ್ತದೆ, ಹೂವಿಗೆ ಪುವ್ವು ಅನ್ನುತ್ತದೆ. ಸಾವಿರ ವರ್ಷದ ಹಿಂದೆ ಪಂಪನ ಕನ್ನಡದಲ್ಲಿ ಏನಿತ್ತು? ಪುಲಿ, ಪಾಲ್, ಪೂ! ಆಮೇಲೆ ಕನ್ನಡದ ಪಕಾರ ಹಕಾರವಾಯಿತು, ತೆಲುಗಿನಲ್ಲಿ ಹಾಗೇ ಉಳಿಯಿತು. ಮಗು "ಪುಲಿ" ಅಂದಾಗ "ತಪ್ಪು, ಕೂತ್ಕೋ" ಅನ್ನುವ ಬದಲು "ನಿಮ್ಮ ಪುಲಿಯೇ ನಮ್ಮ ಹುಲಿ ಕಣಪ್ಪಾ" ಅಂದುಬಿಟ್ಟರೆ ಅರ್ಧ ದಾರಿ ಸವೆದ ಹಾಗೆ. ಕಾಗೆ ಕಾಕಿಯಾಗುತ್ತದೆ. ಕೋತಿಯಂತೂ ಎರಡೂ ಕಡೆ ಕೋತಿಯೇ. ಮೊಲಕ್ಕೆ ಮಾತ್ರ ಕುಂದೇಲು, ಇರುವೆಗೆ ಚೀಮ ಅಂತ ಬೇರೆ ಹೇಳಿಕೊಡಬೇಕು. ಉರ್ದು ಮಕ್ಕಳ ಮಾತನ್ನೂ ಹಾಗೇ ಕೇಳಿ ತಿಳಿದುಕೊಳ್ಳಬೇಕು.

ಇದರಿಂದ ಕನ್ನಡಕ್ಕೆ ಕುತ್ತು ಅಂತ ಯಾರೂ ಗಾಬರಿ ಬೀಳಬೇಕಿಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯ ತತ್ವಪದ ಹಾಡಿದ್ದು ತೆಲುಗಿನಲ್ಲೂ ಹೌದು, ಕನ್ನಡದಲ್ಲೂ ಹೌದು. ಮಕ್ಕಳಿಗೆ ಕಥೆ, ಪದ್ಯ ಬರೆದ, ಸ್ವತಃ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಕೋಲಾರ ಜಿಲ್ಲೆಯವರೇ ಆದ ಮಾಸ್ತಿಯವರ ಮನೆಮಾತು ತಮಿಳು. ಮನೆಯಲ್ಲಿ ಒಂದು, ಬರಹದಲ್ಲಿ ಒಂದು ಇಟ್ಟುಕೊಂಡವರೇ ಕನ್ನಡದ ಹೊಲ ಉತ್ತವರು.

ಅಮ್ಮನ ಕಥೆ ಬರೆದುಕೊಳ್ಳಿ

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಮನೆಗಳಿವೆ. ಬಿಸಿ ನೀರಲ್ಲಿ ಕೈ ಅದ್ದಿ ಅದ್ದಿ ಬೆರಳು ಸುಕ್ಕುಗಟ್ಟಿದ ತಾಯಿಯನ್ನು ಕರೆದು "ಮಗೂಗೆ ಪುಸ್ತಕ ಓದಿ ಹೇಳಮ್ಮಾ" ಅಂದರೆ, ಅಕ್ಷರ ಬಾರದ ಆಕೆ ಸೆರಗು ಬಾಯಿಗಿಟ್ಟುಕೊಂಡು ಹಿಂದೆ ಸರಿಯುತ್ತಾಳೆ. ಅದೇ ಆಕೆಗೆ "ನಿಮ್ಮಜ್ಜಿ ಹೇಳ್ತಿದ್ದ ಕಥೆ ಒಂದು ಹೇಳಮ್ಮಾ" ಅನ್ನಿ. ತೆಲುಗೋ ಉರ್ದುವೋ, ನೂಲಿನ ಹಾಗೆ ಬಿಚ್ಚುತ್ತಾ ಹೋಗುತ್ತಾಳೆ.

ಸಾಹಿತಿಗೆ ಕೆಲಸ ಇರುವುದು ಅಲ್ಲಿ. ಆ ಕಥೆಯನ್ನು ನಾಲ್ಕು ಸಾಲು ಸಲೀಸು ಕನ್ನಡದಲ್ಲಿ ಹಲಗೆ ಮೇಲೆ ಬರೆದು ಮಗುವಿನ ಕೈಲಿ ಓದಿಸಲಿ. ಅರ್ಥ ಮೊದಲೇ ಗೊತ್ತು, ಅಕ್ಷರ ಮಾತ್ರ ಕಲಿಯಬೇಕು. ತನ್ನಮ್ಮನ ಕಥೆ ಹಲಗೆ ಮೇಲೆ ಬಂತು ಅನ್ನುವ ಹೆಮ್ಮೆ ಬೇರೆ! ಅದಕ್ಕೆ ಶಾಮಿಯಾನ ಬೇಡ, ಮೈಕು ಬೇಡ. ಒಂದು ಮರದ ನೆರಳು ಸಾಕು.

ಬೀರುವಿನ ಬೀಗ

ಇನ್ನೊಂದು ಮಾತು. ಸಾಹಿತಿ ಬಸ್ಸು ಹತ್ತಿದ ಮೇಲೆ ಮಗು ಓದುವುದು ಏನನ್ನು? ಎಷ್ಟೋ ಶಾಲೆಗಳಲ್ಲಿ ಕಥೆಪುಸ್ತಕ ಬೀರುವಿನೊಳಗೆ, ಬೀಗದ ಕೈ ಮೇಜಿನೊಳಗೆ. ಕಳೆದರೆ ಲೆಕ್ಕ ಕೊಡಬೇಕಾದವರು ಮೇಷ್ಟ್ರೇ, ಅವರ ಭಯ ಅವರಿಗೆ. ಹರಿದ ಪುಸ್ತಕಕ್ಕೆ ವಿವರಣೆ ಕೇಳುವ ಮೇಲಿನವರು, ಓದದೆ ಗೆದ್ದಲು ತಿಂದ ಪುಸ್ತಕಕ್ಕೂ ವಿವರಣೆ ಕೇಳುತ್ತಾರೆಯೇ?

ಶಾಲೆಯ ಬೀರು ತೆರೆಯದಿದ್ದರೆ ಪಂಚಾಯಿತಿ ಲೈಬ್ರರಿ ಇದೆ. 2020ರ ನವೆಂಬರಿನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಪುಕ್ಕಟೆ ಸದಸ್ಯತ್ವ ಕೊಟ್ಟರು. ಅದು ಯಾರ ಧರ್ಮವೂ ಅಲ್ಲ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಜನ ಕಟ್ಟುವ ತೆರಿಗೆಯ ಜೊತೆಗೇ ಗ್ರಂಥಾಲಯ ಕರವೂ ಇದೆ. ದುಡ್ಡು ನಿಮ್ಮದು, ಪುಸ್ತಕ ನಿಮ್ಮ ಮಕ್ಕಳದು. ಹೋಗಿ ಕೇಳಿ.

ಮುಂದಿನ ಹಬ್ಬಕ್ಕೆ ಸಾಹಿತಿಯನ್ನು ಕರೆಸುವವರು ಇಷ್ಟು ಮಾಡಲಿ. ಭಾಷಣ ಒಂದೇ ಸಾಕು. ಶಾಲು, ಹಣ್ಣಿನ ಬುಟ್ಟಿಯ ದುಡ್ಡಿಗೆ ನಾಲ್ಕು ಕಥೆಪುಸ್ತಕ ಬರಲಿ. ಬೀರುವಿನ ಬೀಗದ ಕೈಯನ್ನು ಅವತ್ತಾದರೂ ಐದನೇ ಕ್ಲಾಸಿನ ಮಕ್ಕಳ ಕೈಗೆ ಕೊಡಿ. ಸಂಜೆ ಮನೆಗೆ ಹೋಗುವ ಒಂದೊಂದು ಮಗುವಿನ ಕೈಲೂ ಒಂದೊಂದು ಪುಸ್ತಕ ಇರಲಿ.

ಆಗ ರಾಜನೂ ನಗುತ್ತಾನೆ, ನರಿಯೂ ನಗುತ್ತದೆ, ಮಗುವೂ ನಗುತ್ತದೆ... ಅರ್ಥ ಆಗಿ.